ಚತುರ್ಥಿ ವಿಭಕ್ತಿ

ಗಾಜಗಾರಪೇಟೆಯ ಅವ್ವನ ಪಡಸಾಲೆಯಲ್ಲಿ
ಒಂದರ ಮೇಲೊಂದು ಆರು ಕರಿ ಟ್ರಂಕು,
ಏಳನೆಯದರ ಮೇಲೆ ಟಿವಿ.
ಇವರ ಹೆಸರು ನಾನು ಬಾಯಿಬಿಟ್ಟು ಹೇಳುವವಳಲ್ಲ,
ಪೆಟ್ಟಿಗೆಗಳೇ ಹೇಳುತ್ತವೆ, ಬಿಳಿ ಬಣ್ಣದಲ್ಲಿ, ಏಳು ಸಲ:
ನಾಯಕ್ ಸೂಗೂರೇಶ. ಕೆಳಗೆ ನಂಬರು.
ಅದರ ಕೆಳಗೆ, ಬಬೀನಾ ಎಂದಿದ್ದುದನ್ನು
ಒರೆಸಿದ ಕಲೆ.

ಪೇಂಟರ್ ಖಾಸೀಮ ಕುಕ್ಕರಗಾಲಲ್ಲಿ ಕೂತು
ಬ್ರಷ್ಷಿನ ತುದಿ ಹಿಂಡಿ ಕೇಳುತ್ತಾನೆ:
"ಯಾವೂರು ಬರೀಲಿ ಅಕ್ಕಾ?"
"ಇನ್ನಾ ಬಂದಿಲ್ಲಪಾ."
"ಊರು ಬಂದಿಲ್ಲೇನು?" ನಗುತ್ತಾನೆ,
"ನಾವು ಊರಿಗೆ ಹೋಗ್ತೀವಿ,
ನಿಮಗ ಊರೇ ಬರ್ತದ ನೋಡ್ರಿ!"

ಬರಬೇಕು.
ಎಲ್ಲೋ ಒಂದು ರೆಕಾರ್ಡ್ ಆಫೀಸಿನ ಮೇಜಿನ ಮೇಲೆ
ಗುಮಾಸ್ತನ ಚಾ ಕಪ್ಪಿನಡಿ ಇದೆಯೋ ಏನೋ
ನಮ್ಮ ಮುಂದಿನ ಮೂರು ವರ್ಷ.
ಶಾಲೆಯವರು ಹತ್ತನೇ ತಾರೀಖಿನ ತನಕ ನೋಡುತ್ತಾರಂತೆ.
ಟಿಸಿ ಅಲಮಾರಿನಲ್ಲಿ, ಬಂಗಾರದ ಚೀಟಿಯ ಜೊತೆಗೆ.

ಪೀಸ್ ಬಂದರೆ ನಾವೂ ಜೊತೆಗೆ,
ಫೀಲ್ಡ್ ಬಂದರೆ ಅವರೊಬ್ಬರೇ.
ಅವ್ವನಿಗೆ ಪೀಸೆಂದರೆ ಉಡಿಯಲ್ಲಿಡುವ ಜಂಪರಿನ ಬಟ್ಟೆ,
ಫೀಲ್ಡೆಂದರೆ ಹೊಲ.
"ಹೊಲದ್ದೇ ಬರ್ಲಿ ಬಿಡು, ಹಸರು ಇರ್ತದ" ಎಂದಿದ್ದಳು.
ಆಮೇಲೆ ಯಾರೋ ಬಿಡಿಸಿ ಹೇಳಿದರು.
ಅಂದಿನಿಂದ ಬಾಯಿ ಹೊಲಿದುಕೊಂಡಿದ್ದಾಳೆ.
ಸೋಮವಾರ ಮಾತ್ರ ಬಸ್ಸು ಹತ್ತಿ ದೇವಸೂಗೂರಿಗೆ ಹೋಗಿಬಂದಳು,
ಏನು ಬೇಡಿಕೊಂಡಳೆಂದು ನಾನು ಕೇಳಲಿಲ್ಲ.
ಬರುವಾಗ ಮೊಮ್ಮಗಳಿಗೊಂದು ತಾಟು ತಂದಿದ್ದಳು,
ಹೆಸರು ಕೆತ್ತಿಸಿ.
ಮೂರು ವಾರದ ಮಟ್ಟಿಗೆಂದು ಯಾರೂ
ತಾಟಿನ ಮೇಲೆ ಹೆಸರು ಕೆತ್ತಿಸುವುದಿಲ್ಲ.

ಅವಳು ಗೆದ್ದರೆ ಅವರು ಬೆಟ್ಟದ ಮೇಲೆ.
ನಾನು ಗೆದ್ದರೆ ಅವಳ ಪಡಸಾಲೆ ಖಾಲಿ.
ಇಬ್ಬರೂ ಒಂದೇ ಮೊರದಲ್ಲಿ ಅಕ್ಕಿಯ ಕಲ್ಲು ಆರಿಸುತ್ತೇವೆ.

ಹನ್ನೊಂದು ವರ್ಷಕ್ಕೆ ಆರು ಕ್ವಾರ್ಟರ್ಸು.
ಒಂದರ ಕಿಟಕಿಯಂತೆ ಇನ್ನೊಂದರದಿಲ್ಲ,
ಅದಕ್ಕೇ ಪರದೆಯ ಅಂಚಿಗೆ ಕಚ್ಚಾ ಹೊಲಿಗೆ ಹಾಕುತ್ತೇನೆ,
ಬೇಕಾದಾಗ ಬಿಚ್ಚಿ ಗೇಣು ಇಳಿಸಬಹುದು.
ಈಗ ಅವೆಲ್ಲ ನಾಲ್ಕನೇ ಟ್ರಂಕಿನಲ್ಲಿ,
ಬೇವಿನೆಲೆಯ ಜೊತೆ, ಅಳತೆ ಕಾಯುತ್ತ.

ಮಗಳು ತನುಶ್ರೀಗೆ ಒಂಬತ್ತು. ಹಿಂದಿ ಸಲೀಸು,
ಕನ್ನಡ ಈ ಬೇಸಿಗೆಯಲ್ಲಿ ಎದುರುಮನೆ ಟೀಚರ ಹತ್ತಿರ.
ಪಂಚಾಯ್ತಿ ನಲ್ಲಿಯಂತೆ ಬಿಟ್ಟು ಬಿಟ್ಟು ಓದುತ್ತಾಳೆ:
ಆಗ್ರಾಕ್ಕೆ. ಜಮ್ಮುವಿಗೆ. ಲೇಹ್‌ಗೆ.
ಪಾಠದಲ್ಲಿ ಇದ್ದದ್ದು ಮರಕ್ಕೆ, ಗುರುವಿಗೆ, ನದಿಗೆ;
ಊರುಗಳು ಅವಳ ಸ್ವಂತದ್ದು.
ಖಾಸೀಮನ ಬ್ರಷ್ಷನ್ನೇ ನೋಡುತ್ತ ಅಂದಳು,
"ಅಮ್ಮಾ, ಇಂಗ್ಲಿಷಲ್ಲಾದ್ರೆ ಟು ಅಂತ
ಮೊದಲೇ ಬರೆದಿಟ್ಟು ಕಾಯಬಹುದು.
ಕನ್ನಡದಲ್ಲಿ ಊರು ಬರದೆ
ಗೆ-ನೋ ಕ್ಕೆ-ನೋ ಗೊತ್ತೇ ಆಗಲ್ಲ."

ಖಾಸೀಮ ತಲೆದೂಗಿದ.
ಏಳು ಟ್ರಂಕಿಗೂ ಇಂಗ್ಲಿಷಿನಲ್ಲೇ ಟು ಬರೆದ,
ಎರಡು ಚುಕ್ಕೆ ಇಟ್ಟ,
ಅರ್ಧ ರೊಕ್ಕ ತೊಗೊಂಡ.
"ಮಿಕ್ಕಿದ್ದು ಊರು ಬಂದ ಮ್ಯಾಗ."

ಸಂಜೆಗೆ ಬಂಡೆಗುಡ್ಡ ಕಾದ ಹೆಂಚಿನಂತೆ ಉಸಿರುಬಿಟ್ಟಿತು.
ಒಂಬತ್ತಕ್ಕೆ ಅವರ ಫೋನು.
ರೊಟ್ಟಿ, ಅವ್ವನ ಮೊಣಕಾಲು, ತನುವಿನ ಹಲ್ಲು,
ಎಲ್ಲ ಕೇಳಿದರು, ಒಂದನ್ನು ಬಿಟ್ಟು.
"ಮಳೆ ಬಂತಾ?"
ಮೇ ತಿಂಗಳ ರಾಯಚೂರಿನಲ್ಲಿ, ಮಳೆ!
"ಇಲ್ಲ" ಅಂದೆ.
ತುಸು ಹೊತ್ತು ಬಿಟ್ಟು ನಾನು, "ಬಂತಾ?"
"ಇಲ್ಲ."

ಅಡುಗೆಮನೆಯಲ್ಲಿ ಅವ್ವ ತೊಳೆಯುತ್ತಿದ್ದ ತಾಟು
ಅಲ್ಲಿಯವರೆಗೆ ಸುಮ್ಮನಿತ್ತು,
ಈಗ ಮತ್ತೆ ಸಪ್ಪಳ ಮಾಡತೊಡಗಿತು.